ನಾಯಿಗಳು ಬೇಡವೆಂದ ಪುಡಿ

ನಮ್ಮ ಕಾರ್ಖಾನೆಯಲ್ಲಿ ಒಂದೇ ಕಾಂಪೌಂಡಿನೊಳಗೆ ಎರಡು ಕಟ್ಟಡ. ಒಂದರಲ್ಲಿ ನಾಯಿ ಬೆಕ್ಕುಗಳ ಆಹಾರ, ಇನ್ನೊಂದರಲ್ಲಿ ಹಸುಗೂಸುಗಳ ಹಾಲಿನ ಪುಡಿ. ನಾನು ನಾಯಿ ಕಡೆಯವಳು. ಹೊಸ ಮಾಲು ಬಂದಾಗ ಕೆಲವು ಚೀಲ ಬಿಚ್ಚಿ, ಕಲಸಿ, ಅಲ್ಲೇ ಸಾಕಿರುವ ನಾಯಿಗಳ ಮುಂದಿಟ್ಟು, ತಿಂದವೋ ಬಿಟ್ಟವೋ ಅಂತ ನೋಡುವುದು ನನ್ನ ಕೆಲಸ. ನಗುವವರು ನಗಲಿ. ನಮ್ಮಕ್ಕನಂತೂ ನೆಂಟರ ಮುಂದೆ ನನ್ನನ್ನು ‘ನಾಯಿಗಳ ಅಡುಗೆಯವಳು’ ಎಂದೇ ಪರಿಚಯ ಮಾಡಿಕೊಡುತ್ತಾಳೆ.

ಆ ವಾರ ನಾಯಿ ಆಹಾರಕ್ಕೆ ಬೆರೆಸಲೆಂದು ಬಂದ ಹಾಲಿನ ಪುಡಿಯನ್ನು ನಾಯಿಗಳು ಮೂಸಿ ಹಿಂದೆ ಸರಿದವು. ಹೊಟ್ಟೆಬಾಕ ಮುದಿನಾಯಿ ಒಂದಿದೆ, ಕಾಲೊರೆಸುವ ಚಾಪೆಯನ್ನೂ ಬಿಟ್ಟ ಪ್ರಾಣಿಯಲ್ಲ. ಅದೊಂದು ಮಾತ್ರ ಸ್ವಲ್ಪ ನೆಕ್ಕಿತು. ಸಂಜೆಯೊಳಗೆ ವಾಂತಿ ಮಾಡಿಕೊಂಡು ಮೂಲೆ ಹಿಡಿಯಿತು. ಮಾಲು ಬೇಡವೆಂದು ಹೇಳಿ, ಬಿಚ್ಚಿದ ಚೀಲಗಳ ಬಾಯಿ ಹೊಲಿದು, ವಾಪಸು ಕಳಿಸುವ ರಾಶಿಗೆ ಹಾಕಿಸಿದೆ. ಬಿಳಿ ದಾರ ಮುಗಿದಿತ್ತು. ಕೈಚೀಲದಲ್ಲಿದ್ದ ನನ್ನದೇ ಹಸಿರು ದಾರದಲ್ಲಿ ಅಡ್ಡಾದಿಡ್ಡಿ ಹೊಲಿದಿದ್ದೆ.

ಅದಾದ ಮೇಲೆ ಮಕ್ಕಳ ಕಡೆ ಜನ ಸಾಲದೆ ನನ್ನನ್ನು ಅಲ್ಲಿಗೆ ಕಳಿಸಿದರು. ಅಲ್ಲಿಯ ಮೇಸ್ತ್ರಿ ನನ್ನ ಭಾವ, ಅಕ್ಕನ ಗಂಡ. ಈ ಕೆಲಸ ಕೊಡಿಸಿದವರೂ ಅವರೇ. ಜಗಳ ಅಂದರೆ ಮಾರು ದೂರ ಹಾರುವ ಮನುಷ್ಯ. ಒಳಗೆ ಕಾಲಿಟ್ಟರೆ, ಪುಡಿ ಬೆರೆಸುವ ಯಂತ್ರದ ಪಕ್ಕದಲ್ಲಿ ಚೀಲಗಳನ್ನು ಒಟ್ಟಿದ್ದಾರೆ. ಅಂಟಿಸಿದ ಚೀಟಿ ಹೊಚ್ಚ ಹೊಸದು, ಎದುರಿಗಿದ್ದ ಚೀಲಗಳ ಬಾಯಿಗೆ ನನ್ನ ಹಸಿರು ಹೊಲಿಗೆ! ಚೀಟಿ ಬದಲಾಯಿಸಿದ ಮಹಾನುಭಾವರ ಕಣ್ಣಿಗೆ ದಾರ ಬಿದ್ದಿರಲಿಲ್ಲ.

“ಭಾವ, ಇದು ನಾಯಿಗಳು ಬಿಟ್ಟ ಮಾಲು,” ಅಂದೆ.

“ಗೊತ್ತು. ಮೆಲ್ಲಗೆ ಮಾತಾಡು.”

“ಗೊತ್ತು ಅಂದ್ರೆ?”

“ಬರಬೇಕಾದ ಪುಡಿ ಬಂದಿಲ್ಲ. ಒಳ್ಳೇದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿದ್ರೆ ಏನೂ ಆಗಲ್ಲ ಅಂತಾರೆ ಮ್ಯಾನೇಜರು.” ಭಾವ ಆಚೀಚೆ ನೋಡಿ ದನಿ ಇನ್ನೂ ತಗ್ಗಿಸಿದರು. “ಇನ್ನೊಂದು ಮಾತು. ಈ ಸಲ ಪುಟ್ಟಿಗೆ ಇಲ್ಲಿಂದ ಡಬ್ಬಿ ತಗೊಂಡು ಹೋಗ್ಬೇಡ. ಹೊರಗಡೆ ಅಂಗಡೀಲಿ ಬೇರೆ ಕಂಪನೀದು ತಂದಿಟ್ಟಿದೀನಿ.”

ಪುಟ್ಟಿ ಅವರ ಮೊಮ್ಮಗಳು, ಅಕ್ಕನ ಮಗಳ ಕೂಸು. ದಿನ ತುಂಬುವ ಮೊದಲೇ ಹುಟ್ಟಿದ್ದು. ತಾಯಿಗೆ ಹಾಲು ಸಾಲದು, ಡಬ್ಬಿಯ ಹಾಲಿನಲ್ಲೇ ಅದರ ಜೀವ ನಿಂತಿದೆ. ಕೆಲಸದವರಿಗೆ ಅಗ್ಗವೆಂದು ಇಷ್ಟು ದಿನ ಇಲ್ಲಿಂದಲೇ ಒಯ್ಯುತ್ತಿದ್ದೆವು. ಭಾವನ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

“ನಮ್ಮನೇದು ಮಾತ್ರ ಕೂಸು. ಬೇರೆಯವರ ಮನೇಲಿ ಹುಟ್ಟಿರೋದೇನು, ಕಲ್ಲಾ?”

“ಕೂಗಾಡ್ಬೇಡ್ವೇ. ಕೆಲಸ ಹೋಗುತ್ತೆ, ನಿಂದೂ ನಂದೂ. ಮನೇಲಿ ದುಡಿಯೋರು ನಾವಿಬ್ರೇ.”

ಸುಳ್ಳೇನಲ್ಲ. ಅಕ್ಕನ ಅಳಿಯ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾನೆ. ಅಕ್ಕನ ಮುಖ ಕಣ್ಣ ಮುಂದೆ ಬಂತು, ನಿಜ ಹೇಳಬೇಕೆಂದರೆ ಹೆದರಿಕೆಯೂ ಆಯಿತು. ಆದರೆ ಆ ಮುದಿನಾಯಿ ನರಳಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ನಾಯಿಗಾದರೆ ಬೇಡ ಎಂದು ಮುಖ ತಿರುಗಿಸಲು ಬರುತ್ತದೆ. ಬಾಯಿಗೆ ಬಾಟಲಿ ಇಟ್ಟರೆ ಕೂಸು ಚೀಪುತ್ತದೆ, ಅಷ್ಟೇ.

ಗೋಡೆಗೆ ತೂಗುಹಾಕಿದ್ದ ಚಾಕು ತೆಗೆದುಕೊಂಡು ಮೊದಲನೆಯ ಚೀಲವನ್ನು ಮೇಲಿಂದ ಕೆಳಗೆ ಸೀಳಿದೆ. ಪುಡಿ ಬುಸ್ಸೆಂದು ಕಾಲ ಮೇಲೆ ಸುರಿಯಿತು. ಎರಡನೆಯದು, ಮೂರನೆಯದು. ಬಿಚ್ಚಿದ್ದು, ಬಿಚ್ಚದ್ದು ಯಾವುದನ್ನೂ ಬಿಡಲಿಲ್ಲ. ಭಾವ “ಬೇಡ ಕಣೇ, ಬೇಡ” ಎನ್ನುತ್ತಾ ಕೈಕೈ ಹಿಸುಕಿಕೊಳ್ಳುತ್ತಿದ್ದರು, ಹಿಡಿಯಲು ಮಾತ್ರ ಬರಲಿಲ್ಲ. ಯಾರೋ ಯಂತ್ರ ನಿಲ್ಲಿಸಿದರು. ಮ್ಯಾನೇಜರು ಓಡಿ ಬರುವ ಹೊತ್ತಿಗೆ ಕೊನೆಯ ಚೀಲವೂ ಮುಗಿದಿತ್ತು.

“ತಲೆ ಕೆಟ್ಟಿದೆಯಾ ನಿಂಗೆ?”

“ನನ್ನ ತಲೆ ನೆಟ್ಟಗಿದೆ ಸರ್. ಪುಡಿ ಕೆಟ್ಟಿದೆ.”

“ಹೊರಗೆ ನಡಿ! ನಾಳೆಯಿಂದ ಈ ಕಡೆ ಮುಖ ಹಾಕ್ಬೇಡ.” ಆಮೇಲೆ ಭಾವನ ಕಡೆ ತಿರುಗಿದರು. “ನೋಡ್ತಾ ನಿಂತಿದೀರಲ್ಲ ಮೇಸ್ತ್ರೀ! ಎಲ್ಲಾ ಗುಡಿಸಿ, ಜರಡಿ ಹಿಡಿದು ಯಂತ್ರಕ್ಕೆ ಹಾಕ್ಸಿ. ಒಂದು ಹಿಡಿನೂ ಹಾಳಾಗ್ಬಾರ್ದು.”

ನೆಲದ ಮೇಲೆ ಬಿದ್ದದ್ದನ್ನೂ ಹಾಕುತ್ತಾರಂತೆ! ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮವಾಯಿತಲ್ಲ ಎಂದು ಅಳು ಬಂತು.

“ಆಯ್ತು ಸರ್,” ಅಂದರು ಭಾವ. ಮೂಲೆಗೆ ಹೋಗಿ ತಮ್ಮ ಊಟದ ಡಬ್ಬಿ ತಂದು, ಕರವಸ್ತ್ರದಿಂದ ಒಳಗೆಲ್ಲ ಒರೆಸಿ, ಸೀಳಿದ ಚೀಲದೊಳಗಿಂದಲೇ ಪುಡಿ ತುಂಬಿಕೊಂಡು ಗಟ್ಟಿಯಾಗಿ ಮುಚ್ಚಳ ಹಾಕಿದರು. ಇದೇನು ಮಾಡುತ್ತಿದ್ದಾರೆಂದು ಯಾರಿಗೂ ಹೊಳೆಯಲಿಲ್ಲ. ಡಬ್ಬಿ ನನ್ನ ಕೈಗಿಟ್ಟು, ನೆಲ ತೊಳೆಯುವ ಪೈಪನ್ನು ಎಳೆದು ತಂದು ನಲ್ಲಿ ತಿರುಗಿಸಿದರು.

ನೀರು ರಭಸದಿಂದ ಪುಡಿಯ ಮೇಲೆ ಬಿತ್ತು. ಬೆಳ್ಳಗಿನ ರಾಶಿ ಕುಸಿದು, ಅಂಟಂಟು ಗೊಜ್ಜಾಗಿ ಮೋರಿಯ ಕಡೆ ಹರಿಯಿತು. ಮ್ಯಾನೇಜರು ಬೂಟು ಎತ್ತಿ ಹಿಂದೆ ಹಾರಿದರು.

“ಇಬ್ರೂ ಹೊರಗೆ! ಈಗಿಂದೀಗ್ಲೇ!”

“ಹೋಗ್ತೀವಿ ಸರ್, ಪೂರ್ತಿ ನೆನೀಲಿ,” ಅಂದರು ಭಾವ, ಪೈಪನ್ನು ಮುಂದಿನ ಚೀಲದೊಳಕ್ಕೆ ತೂರಿಸುತ್ತಾ. ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

“ಆಹಾರ ತಪಾಸಣೆಯವರ ಆಫೀಸು ಇಷ್ಟೊತ್ತಲ್ಲಿ ತೆರೆದಿರುತ್ತೇನೇ?”