ಹಲಗೆಯಿಂದ ಒರೆಸಿದ ಹೆಸರು

ಮುಸರ್ರತ್ ಬರೆದಳು. ಉದಯಕುಮಾರ ಒರೆಸಿದ. ಅವಳು ಮತ್ತೆ ಬರೆದಳು. ಈ ಸಲ ಪೆನ್ನನ್ನು ಎಷ್ಟು ಒತ್ತಿದಳೆಂದರೆ ಬಿಳಿ ಹಲಗೆ ಗೋಡೆಗೆ ಬಡಿದು ಸದ್ದಾಯಿತು. ಅವನು ಡಸ್ಟರ್ ಹುಡುಕುವ ಗೋಜಿಗೆ ಹೋಗಲಿಲ್ಲ, ಅಂಗೈಯಿಂದಲೇ ಉಜ್ಜಿದ. 'ಹಳೆಯ ಡೆಬಿಯನ್' ಎನ್ನುವುದು ಅವನ ಕೈಯಲ್ಲಿ ನೀಲಿ ಕಲೆಯಾಯಿತು.

"ಅದ್ರ ಹೆಸರ ಬ್ಯಾಡ," ಎಂದ. "ಉಬುಂಟು ಹೊಸಾದು, ಫೆಡೋರಾ ಹೊಸಾದು. ಮುಗೀತು."

ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ, ಅವಳ ಅಪ್ಪನ ಟೀವಿ ರಿಪೇರಿ ಅಂಗಡಿಯ ಮೇಲಿನ ಕೋಣೆ ಅದು. ಕಾಲೇಜಿನಿಂದ ಜೊತೆಗಿದ್ದ ಇಬ್ಬರೂ ಅಲ್ಲಿ ಕೂತು ಕಟ್ಟಿದ ತಂತ್ರಾಂಶಕ್ಕೆ ಕಂದೀಲು ಎಂದೇ ಹೆಸರು. ಕಂಪ್ಯೂಟರಿಗೆ ಟೀವಿ ಜೋಡಿಸಿ ಅದನ್ನು ತೆರೆದರೆ ಹಾಡು, ವಿಡಿಯೊ, ಫೋಟೊ ಎಲ್ಲವೂ ಒಂದೇ ಪರದೆಗೆ ಬರುತ್ತವೆ. ಕೈಯಲ್ಲಿ ರಿಮೋಟ್ ಇದ್ದರೆ ಸಾಕು. ಅದು ಓಡುವುದು ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಮೇಲೆ. ಲಿನಕ್ಸ್ ಒಂದೇ, ಅದನ್ನು ಸಜ್ಜುಮಾಡಿ ಡೆಬಿಯನ್, ಉಬುಂಟು, ಫೆಡೋರಾ ಎಂಬ ಹೆಸರುಗಳಲ್ಲಿ ಹಂಚುವವರು ಮಾತ್ರ ಹಲವರು. ಒಬ್ಬೊಬ್ಬರ ಲಿನಕ್ಸಿಗೂ ಕಂದೀಲನ್ನು ಬೇರೆಯಾಗಿ ಹೊಂದಿಸಬೇಕು, ಬೇರೆಯಾಗಿ ಓಡಿಸಿ ನೋಡಬೇಕು; ಹಲಗೆಯ ಮೇಲಿದ್ದದ್ದು ಹಾಗೆ ಹೊಂದಿಸುವ ಲಿನಕ್ಸುಗಳ ಪಟ್ಟಿ. ಈಗ ಹೈದರಾಬಾದಿನ ಕಂಪನಿಯೊಂದು ತನ್ನ ಲಾಡ್ಜುಗಳ ಟೀವಿಗೆ ಕಂದೀಲು ಕೇಳಿತ್ತು. ಹೊಸ ಎರಡಕ್ಕೆ ಮಾತ್ರ ಮಾಡಿ, ಹಳೆಯ ಹೊರೆ ಇಳಿಸಿ ಬನ್ನಿ ಎಂದಿತ್ತು.

ಹಳೆಯ ಹೊರೆ ಎಂದರೆ ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿದ್ದ ಯಂತ್ರಗಳು. ರೈಸ್ ಮಿಲ್ಲುಗಳು ಲಾರಿ ತೂಗುವ ಕಾಟಾದ ಪಕ್ಕ ಇಟ್ಟುಕೊಂಡಿದ್ದು, ಬೇಡವಾದಾಗ ಬಿಸಾಕಿದ ಕಂಪ್ಯೂಟರುಗಳು. ಅವುಗಳೊಳಗಿನ ತೌಡು ಜಾಡಿಸಿ, ಹಳೆಯ ಡೆಬಿಯನ್ ಹಾಕಿ, ಊರೂರಿಗೆ ಕೊಟ್ಟವರು ಇವರೇ. ಅಷ್ಟು ಹಳೆಯ ಯಂತ್ರಗಳ ಮೇಲೆ ಈಗಿನ ಉಬುಂಟು ಓಡದು, ಫೆಡೋರಾವೂ ಓಡದು. ಹೊಸ ಡೆಬಿಯನ್ ಕೂಡ ಅವುಗಳನ್ನು ಕೈಬಿಟ್ಟಿದೆ. ಹೆಸರು ಹಲಗೆಯಿಂದ ಹೋದರೆ ಆ ಊರುಗಳೂ ಹೋದವು.

ಉದಯ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಇಂಟರ್‌ನೆಟ್ ಸಿಕ್ಕಾಗಲೆಲ್ಲ ಪ್ರತಿ ಕಂದೀಲೂ ತನ್ನ ಯಂತ್ರದ ಗುರುತಿನ ಸಂಖ್ಯೆ ಕಳಿಸುತ್ತದೆ; ಯಾವ ಲಿನಕ್ಸಿನಲ್ಲಿ ಎಷ್ಟು ಯಂತ್ರ ಎಂಬ ಲೆಕ್ಕ ಅದರಿಂದಲೇ. ಹಳೆಯ ಡೆಬಿಯನ್ ಎದುರಿಗೆ ಒಂದು ಎಂದಿತ್ತು, ಪಕ್ಕದಲ್ಲಿ ಆ ಯಂತ್ರದ ಗುರುತಿನ ಸಂಖ್ಯೆ.

"ಒಂದ. ಒಂದ ಡಬ್ಬಿ ಸಲುವಾಗಿ ನಾ ಪ್ರತಿ ಸಲ ಆ ಮಿಲ್ಲಿನ ಗುಜರಿ ಮುಂದ ಕುಂತು ಬೆವರ ಒರಸ್ಕೋಬೇಕೇನು?"

ಅದು ಸುಳ್ಳಲ್ಲ. ಪ್ರತಿ ಆವೃತ್ತಿಯನ್ನೂ ಆ ಹಳೆಯ ಯಂತ್ರದಲ್ಲಿ ಪರೀಕ್ಷಿಸುತ್ತಿದ್ದವನು ಅವನೇ. ಉಳಿದವು ಏನಾದವು ಎಂದು ಅವಳು ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಮಾನ್ವಿ ತಾಲ್ಲೂಕಿನ ಬಾಗಲವಾಡದಿಂದ, ಅಲ್ಲಿನ ಯಂತ್ರ ನೋಡಿಕೊಳ್ಳುವ ಬೂದೆಪ್ಪನ ಫೋನು ಬಂತು. ಟೀವಿ ಕೆಟ್ಟಿದೆ, ಏನೋ ಒಂದು ಸಾಲು ಬಂದು ನಿಂತುಬಿಟ್ಟಿದೆ ಎಂದ. ಅವಳು ಉದಯನ ಮುಖ ನೋಡಿದಳು. ಹಳೆಯ ಡೆಬಿಯನ್ ಕೈಬಿಟ್ಟ ಹೊಸ ಆವೃತ್ತಿಯನ್ನು ನಿನ್ನೆಯೇ ಬಿಡುಗಡೆ ಮಾಡಿದೆ ಎಂದು ಅವನು ಆಗ ಹೇಳಿದ. ಹೆಸರನ್ನು ಹಲಗೆಯಿಂದ ಒರೆಸುವುದಕ್ಕೂ ಒಂದು ದಿನ ಮೊದಲು.

ಬಾಗಲವಾಡಕ್ಕೆ ಹೊರಟವಳು ಮಾನ್ವಿಯಲ್ಲಿ ಬಸ್ಸು ಬದಲಿಸುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದಳು.

ಬಾಗಲವಾಡದ ಆ ಯಂತ್ರ ಇದ್ದದ್ದು ಮೊಹರಂಗೆ ಪೀರಲ ದೇವರು ಕೂರಿಸುವ ಜಾಗಕ್ಕೆ ಹೊಂದಿಕೊಂಡ ಕೋಣೆಯಲ್ಲಿ. ಹಬ್ಬ ಹತ್ತಿರವಿತ್ತು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಾಕುವ ಹೆಜ್ಜೆ ಕಲಿಯಲು ಬಂದ ಹುಡುಗರು ಗೋಡೆಗೆ ಆತು ಬೀಡಿ ಸೇದುತ್ತಿದ್ದರು. ಹೆಜ್ಜೆ ಗೊತ್ತಿದ್ದ ದಸ್ತಗೀರ್ ಸಾಬ್ ತೀರಿಕೊಂಡಿದ್ದರು. ತೀರಿಕೊಳ್ಳುವ ಮುಂಚೆ ಮುಸರ್ರತ್ ಅವರ ಕುಣಿತವನ್ನು ಫೋನಿನಲ್ಲಿ ಹಿಡಿದಿದ್ದಳು. ಮುಖ ತೆಗೆಯಬೇಡ ಎಂದು ಅವರು ಹಟ ಹಿಡಿದಿದ್ದರಿಂದ ವಿಡಿಯೊದಲ್ಲಿ ಇದ್ದದ್ದು ಮೊಣಕಾಲಿನ ಕೆಳಗಿನ ಎರಡು ಕಾಲು, ಕಣಕಾಲಿಗೆ ಕಟ್ಟಿದ ಗೆಜ್ಜೆ, ಧೂಳು. ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಆ ಕಾಲುಗಳು ನಿಧಾನವಾಗುತ್ತವೆ. ಆ ಗುಂಡಿಯನ್ನು ಅವಳು ಬರೆದದ್ದೇ ಈ ಊರಿಗಾಗಿ.

ಬೂದೆಪ್ಪ ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದಂತೆಯೇ ಎದ್ದು ಬಂದು ಟೀವಿ ತೋರಿಸಿದ. ಕಪ್ಪು ಪರದೆಯ ನಡುವೆ ಬಿಳಿ ಅಕ್ಷರ: ಈ ವ್ಯವಸ್ಥೆಗೆ ಬೆಂಬಲ ನಿಲ್ಲಿಸಲಾಗಿದೆ.

"ಯಾರು ನಿಲ್ಲಿಸ್ಯಾರಬೇ ಯವ್ವಾ?"

ಆ ವಾಕ್ಯದ ಕನ್ನಡ ಅವಳದೇ. ಎಂದೋ ಒಂದು ದಿನ ಬೇಕಾಗಬಹುದು ಎಂದು ಬರೆದಿಟ್ಟಿದ್ದಳು. ಯಾರು ಎಂಬುದು ಅದರಲ್ಲಿ ಇರಲಿಲ್ಲ. ಅವಳು ಪೆನ್‌ಡ್ರೈವ್ ಚುಚ್ಚಿ ಹಳೆಯ ಆವೃತ್ತಿಯನ್ನು ಮತ್ತೆ ಹಾಕಲು ಕೂತಳು. ಕೂತಾಗ ಪರದೆಯ ಮೂಲೆಯಲ್ಲಿದ್ದ ಯಂತ್ರದ ಗುರುತಿನ ಸಂಖ್ಯೆ ಕಣ್ಣಿಗೆ ಬಿತ್ತು. ಉದಯನ ಲ್ಯಾಪ್‌ಟಾಪಿನಲ್ಲಿದ್ದ ಆ ಒಂದೇ ಒಂದು ಇದೇ. ಹಾಗಾದರೆ ದೇವದುರ್ಗದ್ದು ಎಲ್ಲಿ ಹೋಯಿತು?

ದೇವದುರ್ಗದ ಶೈಲಶ್ರೀಗೆ ಫೋನು ಮಾಡಿದಳು. ಅವಳು ಅಲ್ಲಿ ಹೆಣ್ಣುಮಕ್ಕಳಿಗೆ ಕಂದೀಲಿನಲ್ಲಿ ಹೊಲಿಗೆ ಪಾಠ ತೋರಿಸುತ್ತಿದ್ದಳು. ನಿನ್ನೆಯಿಂದ ಅದೇ ಸಾಲು ಬಂದು ನಿಂತಿದೆ ಎಂದಳು. ಮೂಲೆಯ ಸಂಖ್ಯೆ ಓದು ಎಂದರೆ ಒಂದೊಂದೇ ಅಂಕಿ ಓದಿದಳು. ಬಾಗಲವಾಡದ ಸಂಖ್ಯೆಗಿಂತ ಒಂದು ಅಂಕಿಯೂ ಬೇರೆ ಇರಲಿಲ್ಲ.

ಆಗ ಹೊಳೆಯಿತು. ಮಾನ್ವಿಯ ಮಿಲ್ಲೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಬಸವಲಿಂಗ ಆಗ ಇವರ ನೆರವಿಗೆ ಬಂದು, ಒಂದೇ ಡಿಸ್ಕನ್ನು ಚೆನ್ನಾಗಿ ಸಿದ್ಧಮಾಡಿ, ಉಳಿದ ಎಲ್ಲಕ್ಕೂ ಅದರ ನಕಲು ಇಳಿಸಿದ್ದ. ಒಂದೇ ಮಡಿಯ ಭತ್ತದ ಸಸಿ ಕಿತ್ತು ಊರ ಗದ್ದೆಗೆಲ್ಲ ನಾಟಿ ಮಾಡುವವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಆದರೆ ಡಿಸ್ಕಿನ ಜೊತೆ ಗುರುತಿನ ಸಂಖ್ಯೆಯೂ ನಕಲಾಗಿತ್ತು. ಎರಡು ತಾಲ್ಲೂಕಿನ ಅಷ್ಟೂ ಊರುಗಳು ರಾಯಚೂರಿನ ಲೆಕ್ಕದಲ್ಲಿ ಒಂದೇ ಡಬ್ಬಿಯಾಗಿದ್ದವು.

ಪರದೆಯ ಮೇಲೆ ದಸ್ತಗೀರ್ ಸಾಬರ ಕಾಲುಗಳು ಮತ್ತೆ ಬಂದವು. ಹುಡುಗರು ಬೀಡಿ ಆರಿಸಿ ಸಾಲಾಗಿ ನಿಂತರು. ಬೂದೆಪ್ಪ ಕೆಂಪು ಗುಂಡಿ ಒತ್ತಿದ.

"ಮತ್ತ ಹೋಗಂಗಿಲ್ಲಲ್ಲಾ?" ಎಂದು ಕೇಳಿದ.

ಹೆಸರು ಹಲಗೆಯ ಮೇಲಿಲ್ಲದಿದ್ದರೆ ನಾಳೆಯೋ ನಾಡಿದ್ದೋ ಹೊಸ ಆವೃತ್ತಿ ತಾನಾಗಿಯೇ ಬಂದು ಇದನ್ನು ಮತ್ತೆ ಮುಚ್ಚುತ್ತದೆ. ಅವಳಿಗೆ ಅದು ಗೊತ್ತಿತ್ತು.

"ಹೋಗಂಗಿಲ್ಲ ಕಾಕಾ," ಎಂದಳು.

ರಾಯಚೂರಿಗೆ ಬಂದು ಮೆಟ್ಟಿಲು ಹತ್ತಿದಾಗ ಉದಯ ಇನ್ನೂ ಕೋಣೆಯಲ್ಲೇ ಇದ್ದ. ಮೇಜಿನ ಮೇಲೆ ಅಂಗೈಯಗಲದ ಹೊಸ ಯಂತ್ರ, ಮೈಮೇಲಿನ ತೆಳು ಪ್ಲಾಸ್ಟಿಕ್ ಪೊರೆಯನ್ನೂ ಕಿತ್ತಿರಲಿಲ್ಲ. ಅವಳು ನಿಂತೇ ಹೇಳಿದಳು: ಲೆಕ್ಕ ತಪ್ಪು, ಒಂದರ ಹಿಂದೆ ಎರಡು ತಾಲ್ಲೂಕು ಇದೆ, ಬಸವಲಿಂಗ ಒಂದೇ ಡಿಸ್ಕ್ ನಕಲು ಮಾಡಿದ್ದಾನೆ. ಅವನು ಬೆಚ್ಚಿಬೀಳುತ್ತಾನೆ, ತಲೆ ಚಚ್ಚಿಕೊಳ್ಳುತ್ತಾನೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು.

"ಗೊತ್ತದ," ಎಂದ.

"ಏನ್ ಗೊತ್ತದ?"

"ಅಂವಾ ನಕಲು ಮಾಡೂವಾಗ ನಾನ ಮಗ್ಗಲಕ ಇದ್ದೆ."

ಕೆಳಗೆ ಅಂಗಡಿಯಲ್ಲಿ ಅಪ್ಪ ಯಾವುದೋ ಟೀವಿಯ ಸದ್ದು ಏರಿಸಿ ಇಳಿಸಿ ನೋಡುತ್ತಿದ್ದರು. ಅವಳು ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿದಳು.

"ಗೊತ್ತಿದ್ದು ನನಗ ಒಂದು ತೋರ್ಸಿದಿ."

"ತೋರಿಸ್ದಿದ್ರ ನೀ ಕೇಳ್ತಿದ್ದೇನು? ಹೈದರಾಬಾದ್‌ದವ್ರು ಒಂದು ಹಳೇ ಹೆಸರ ಕಂಡ್ರೂ ಬರಂಗಿಲ್ಲ. ಎಷ್ಟು ವರ್ಷ ಅಂತ ನಾ ತೌಡ ಜಾಡಿಸ್ಲಿ, ಮುಸರ್ರತ್? ನಾವು ಮಾಡಿದ್ದನ್ನ ಮಂದಿ ದೊಡ್ಡ ಟೀವಿಯಾಗ ನೋಡ್ಲಿ ಅಂತ ನಿನಗ ಅನಸಂಗಿಲ್ಲ?"

ಅನಿಸುತ್ತಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅವನು ಹೊಸ ಯಂತ್ರವನ್ನು ಅವಳ ಕಡೆ ತಳ್ಳಿದ. ನೀಲಿ ಕಲೆ ಇನ್ನೂ ಅಂಗೈಯಲ್ಲಿತ್ತು.

"ಇದನ್ನ ಬಾಗಲವಾಡಕ್ಕ ಒಯ್ಯಿ. ಹೊಸಾ ಉಬುಂಟು ಹಾಕೀನಿ. ಬೂದೆಪ್ಪನ ಕುಣಿತ ನಿಂದ್ರಂಗಿಲ್ಲ. ಆ ಹೆಸರ ಮಾತ್ರ ಬಿಟ್ಟಬಿಡು."

"ದೇವದುರ್ಗ?"

"ದೇವದುರ್ಗದಾಗ ನಿಂದೇನದ?"

ಅವಳು ಚೀಲದಿಂದ ಪೆನ್ನು ತೆಗೆದು, ಹಲಗೆಯ ಮೇಲೆ ಅವನು ಉಜ್ಜಿದ್ದ ಜಾಗದಲ್ಲೇ ಆ ಹೆಸರನ್ನು ಮತ್ತೆ ಬರೆದಳು. ಯಂತ್ರವನ್ನು ಒಂದೇ ಬೆರಳಿನಿಂದ ಅವನ ಕಡೆಗೆ ಹಿಂದಕ್ಕೆ ಸರಿಸಿದಳು.

"ಒಯ್ಯಂಗಿಲ್ಲ."