ಫಾತಿಮಾ ಬೀ ಹೇಳಿದ ಧಾರಾವಾಹಿ

"ಈಗೇನಂದ್ಲು ಅವ್ಳು?" ಎಂದು ದ್ರಾಕ್ಷಾಯಣಮ್ಮ ಕೇಳಿದರು.

ಟೀವಿಯಲ್ಲಿ ಹೆಂಗಸೊಬ್ಬಳು ಸ್ಟೀಲಿನ ಜಾರೊಂದನ್ನು ಕಿವಿಗೆ ಒತ್ತಿಕೊಂಡು ಏನೋ ಹೇಳುತ್ತಿದ್ದಳು. ಅವಳೂ ಅವಳ ಮನೆಯವರೂ ಯಾವುದೋ ನಕ್ಷತ್ರದಿಂದ ಇಳಿದು ಬಂದವರು, ಮನುಷ್ಯರ ವೇಷದಲ್ಲಿ ದೆಹಲಿಯ ಬೀದಿಯೊಂದರಲ್ಲಿ ಸಂಸಾರ ಹೂಡಿದ್ದರು. ಪಕ್ಕದ ಮನೆಯವರಿಗೆ ಗೊತ್ತಾಗಬಾರದು. ಧಾರಾವಾಹಿಯಲ್ಲಿ ಅಷ್ಟೇ ಕಥೆ. ಭಾನುವಾರ ಸಂಜೆ ಬರುತ್ತಿತ್ತು, ಹಿಂದಿಯಲ್ಲಿ.

"ಅವ್ರೂರಿನ ಸದ್ದು ಕೇಳ್ತಾವ್ಳೆ ಅಮ್ಮೋರೆ," ಎಂದಳು ಫಾತಿಮಾ ಬೀ. "ಅಟ್ಟದ ಕಾಯಿ ಒಣಗೈತಾ ಅಂತ ನೀವು ಅಲ್ಲಾಡಿಸಿ ಕಿವಿಗಿಟ್ಕೊಳಲ್ವಾ, ಹಂಗೆ."

ದ್ರಾಕ್ಷಾಯಣಮ್ಮ ನಿಟ್ಟುಸಿರು ಬಿಟ್ಟರು. ಟೀವಿಯೊಳಗಿನಿಂದ ನಗು ಕೇಳಿತು.

"ಅಲ್ಲ ಕಣೇ, ಅವ್ಳು ತವರು ನೆನೀತಿದ್ರೆ ಇವ್ರ್ಯಾರು ನಗೋರು?"

"ನೋಡೋರು, ಅಮ್ಮೋರೆ. ನೋಡೋರಿಗೇನು, ನಗ್ತಾರೆ."

ಫಾತಿಮಾ ಬೀ ಹಿಂದಿನ ಗಲ್ಲಿಯ ಟೈಲರ್ ಮಜೀದನ ಹೆಂಡತಿ. ಟೀವಿ ಬಂದ ಹೊಸದರಲ್ಲಿ ಜಗಲಿಯ ಮೇಲೆ ಗೋಣಿತಾಟು ಹಾಸಿಕೊಂಡು ಕಿಟಕಿಯಿಂದ ನೋಡುತ್ತಿದ್ದಳು. ಹಿಂದಿ ಯಾರಿಗೂ ಬರುತ್ತಿರಲಿಲ್ಲ. 'ಇವಳಿಗೆ ಬಂದೇ ಬರುತ್ತೆ' ಎಂದುಕೊಂಡು ದ್ರಾಕ್ಷಾಯಣಮ್ಮ ಕಿಟಕಿಯಲ್ಲೇ ಅರ್ಥ ಕೇಳತೊಡಗಿದರು. ಜಗಲಿಯಿಂದ ಹೇಳಿದ್ದು ಕೇಳಿಸದು. ಗೋಣಿತಾಟು ಹೊಸ್ತಿಲಿಗೆ ಬಂತು, ಆಮೇಲೆ ಕಂಬದ ಹತ್ತಿರಕ್ಕೆ, ಕೊನೆಗೆ ದ್ರಾಕ್ಷಾಯಣಮ್ಮನ ಮಣೆಯ ಪಕ್ಕಕ್ಕೆ. ಯಾರೂ ಕರೆದು ಕೂರಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಅವಳಿಗೆ ಕೊಡುವ ಕಾಫಿಯ ಲೋಟ ಮಾತ್ರ ಜಗಲಿಯ ಗೂಡಿನಲ್ಲೇ ಉಳಿಯಿತು. ಅದನ್ನು ಅವಳೇ ತೊಳೆದು ಕವುಚಿಡುತ್ತಿದ್ದಳು.

ಗಂಡ ಹೋದ ಮೇಲೆ ದ್ರಾಕ್ಷಾಯಣಮ್ಮನಿಗೆ ವಾರವೆಂದರೆ ಭಾನುವಾರಕ್ಕೆ ಕಾಯುವುದೇ ಆಗಿತ್ತು. ನಕ್ಷತ್ರದ ಹೆಂಗಸಿಗೆ ಅಲ್ಲಿ ಒಬ್ಬ ತಂಗಿ ಇದ್ದಾಳೆ, ಅವಳಿಗಿನ್ನೂ ಮದುವೆಯಾಗಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಕಾರ್ತೀಕದಲ್ಲಿ ಮಗನ ಮದುವೆಯಾಯಿತು. ಸೊಸೆ ವಿಶಾಲಾಕ್ಷಿಯ ತಂದೆ ರೈಲ್ವೆಯವರು. ಅವಳು ಓದಿದ್ದೆಲ್ಲ ಭೋಪಾಲದಲ್ಲಿ. ಮನೆ ತುಂಬಿದ ಮೇಲಿನ ಮೊದಲ ಭಾನುವಾರ ಅವಳೂ ಬಂದು ಕೂತಳು. ಪಕ್ಕದ ಮನೆಯ ಕೆಂಪಕ್ಕನೂ ಇದ್ದಳು. ಜಾರು ಮತ್ತೆ ಕಿವಿಗೆ ಹೋಯಿತು.

"ತಂಗಿಗೆ ಗಂಡು ಗೊತ್ತಾಯ್ತಂತೆ ಅಮ್ಮೋರೆ," ಎಂದಳು ಫಾತಿಮಾ ಬೀ. "ಮದ್ವೆಗೋಗಕ್ಕಾಗಲ್ಲ ಅಂತ ಅಳ್ತಾವ್ಳೆ."

ವಿಶಾಲಾಕ್ಷಿ ಫಕ್ಕನೆ ನಕ್ಕಳು. "ತಂಗಿ ಎಲ್ಲಿದ್ದಾಳೆ ಅತ್ತೆ? ಆ ಮಿಕ್ಸಿ ಜಾರನ್ನೇ ಫೋನ್ ಅಂದ್ಕೊಂಡು ಗ್ಯಾಸ್ ಸಿಲಿಂಡರ್ ಬುಕ್ ಮಾಡ್ತಿದ್ದಾಳೆ. ಅದಕ್ಕೇ ನಗು."



"ಸಾಬರಾಗಿ ಹಿಂದಿ ಬರಕಿಲ್ವೇನೇ ನಿಂಗೆ!" ಎಂದು ಕೆಂಪಕ್ಕ ತೊಡೆ ತಟ್ಟಿ ನಕ್ಕಳು. "ಇಷ್ಟು ದಿನ ಬುರುಡೆ ಬುಟ್ಯಾ?"

ಫಾತಿಮಾ ಬೀ ದ್ರಾಕ್ಷಾಯಣಮ್ಮನ ಮುಖ ನೋಡಿದಳು. ದ್ರಾಕ್ಷಾಯಣಮ್ಮನೂ ನಕ್ಕುಬಿಟ್ಟರು. ಹೊಸ ಸೊಸೆಯ ಮುಂದೆ ಬೇರೇನು ಮಾಡುವುದೆಂದು ಆ ಹೊತ್ತಿಗೆ ಅವರಿಗೆ ತೋಚಲಿಲ್ಲ.

"ನಮ್ಮನೇಲಿ ಆಡೋ ಮಾತು ಬೇರೆ," ಎಂದಳು ಫಾತಿಮಾ ಬೀ ಮೆಲ್ಲಗೆ. "ಟೀವಿಯೋರ್ದು ಅರ್ಧ ಗೊತ್ತಾಗಲ್ಲ. ನೀವು ಕೇಳ್ತಿದ್ರಿ, ಹೇಳ್ತಿದ್ದೆ."

ಧಾರಾವಾಹಿ ಮುಗಿಯುವವರೆಗೂ ಕೂತಿದ್ದಳು. ಆಮೇಲೆ ಗೋಣಿತಾಟನ್ನು ಮಡಿಸಿ ಜಗಲಿಯ ಮೂಲೆಗಿಟ್ಟಳು. ಲೋಟ ತೊಳೆಯುವ ಸದ್ದು ಕೇಳಿತು.

ಮುಂದಿನ ಭಾನುವಾರ ಅವಳು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ವಿಶಾಲಾಕ್ಷಿ ಒಂದು ಮಾತೂ ಬಿಡದೆ ಅರ್ಥ ಹೇಳಿದಳು. ಎಲ್ಲವೂ ತಿಳಿಯಿತು. ಆ ಹೆಂಗಸಿಗೆ ತವರೂ ಇರಲಿಲ್ಲ, ತಂಗಿಯೂ ಇರಲಿಲ್ಲ.

ರವಿಕೆ ಬಟ್ಟೆಯೊಂದನ್ನು ಹಿಡಿದು ದ್ರಾಕ್ಷಾಯಣಮ್ಮ ತಾವೇ ಮಜೀದನ ಅಂಗಡಿಗೆ ಹೋದರು. ಅಳತೆಯ ರವಿಕೆ ತರುವುದು ಮರೆತಿದ್ದರು.

"ಫಾತೀಮ ಕಾಣ್ಲಿಲ್ವಲ್ಲಪ್ಪ?"

"ಗುಂಡಿಗೆ ಕಾಜಾ ಹಾಕೋ ಕೆಲ್ಸ ಜಾಸ್ತಿ ಅಮ್ಮ," ಎಂದ ಮಜೀದ್, ತಲೆ ಎತ್ತದೆ. ಪರದೆಯ ಹಿಂದೆ ಬಳೆಯ ಸದ್ದಾಯಿತು. ಹೇಳಬೇಕೆಂದುಕೊಂಡು ಬಂದ ಮಾತು ದ್ರಾಕ್ಷಾಯಣಮ್ಮನಿಗೆ ಪರದೆಯ ಈಚೆಯಿಂದ ಆಡಲಾಗಲಿಲ್ಲ. ಬಟ್ಟೆ ಕೊಟ್ಟು ಬಂದರು.

ಆ ಭಾನುವಾರ ಅವರು ಜಗಲಿಯ ಗೋಣಿತಾಟನ್ನು ಕೊಡವಿ ಒಳಗೆ ತಂದು ತಮ್ಮ ಮಣೆಯ ಪಕ್ಕ ಹಾಸಿದರು. ಗೂಡಿನ ಲೋಟವನ್ನು ತೆಗೆದು ಮನೆಯ ಲೋಟಗಳ ಸಾಲಿನಲ್ಲಿಟ್ಟರು. ವಿಶಾಲಾಕ್ಷಿ ನೋಡಿದಳು. ಧಾರಾವಾಹಿ ಶುರುವಾಯಿತು.

"ಅತ್ತೆ, ಇವತ್ತು ಅವರು..."

"ಬಿಡಮ್ಮ, ಅರ್ಥ ಬೇಡ," ಎಂದು ದ್ರಾಕ್ಷಾಯಣಮ್ಮ ಎದ್ದು ಟೀವಿಯ ದನಿಯನ್ನು ಪೂರ್ತಿ ತಗ್ಗಿಸಿದರು.

ಮನೆ ನಿಶ್ಶಬ್ದವಾಯಿತು. ಹಿಂದಿನ ಗಲ್ಲಿಯಿಂದ ಹೊಲಿಗೆ ಮಿಷಿನ್ನಿನ ಸದ್ದು ಕೇಳತೊಡಗಿತು. ನಕ್ಷತ್ರದ ಹೆಂಗಸು ಏನನ್ನೋ ಕಿವಿಗೆ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು. ಅಷ್ಟರಲ್ಲಿ ಮಿಷಿನ್ನು ನಿಂತಿತು. ದ್ರಾಕ್ಷಾಯಣಮ್ಮ ಬಾಗಿಲ ಕಡೆ ತಿರುಗಿದರು.

ಸ್ವಲ್ಪ ಹೊತ್ತಿನ ಮೇಲೆ ಮಿಷಿನ್ನು ಮತ್ತೆ ಶುರುವಾಯಿತು.