ಎಡಗಿವಿಯ ಹತ್ತಿ

ನನ್ನ ತಂಗಿ ಯಾವಾಗಲೂ ನನ್ನ ಎಡಕ್ಕೆ ನಡೆಯುತ್ತಾಳೆ. ರಸ್ತೆಯಲ್ಲಾಗಲಿ, ಬಸ್ಸಿನ ಸೀಟಿನಲ್ಲಾಗಲಿ, ಸುತ್ತಿ ಬಂದಾದರೂ ಎಡಕ್ಕೇ ಸೇರುತ್ತಾಳೆ. ಹಾಗಿದ್ದರೆ ಅವಳ ಬಲಗಿವಿ ನನ್ನ ಕಡೆಗಿರುತ್ತದೆ. ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಮೂವತ್ತೆಂಟು ವರ್ಷವಾಯಿತು.

ನಾನು ಗಡಿಯಾರ ರಿಪೇರಿ ಮಾಡುವವನು. ಹಳೆಯ ಗೋಡೆ ಗಡಿಯಾರಕ್ಕೆ ಕಿವಿಗೊಟ್ಟರೆ ಅದರ ನಡಿಗೆ ಎಲ್ಲಿ ಕುಂಟುತ್ತಿದೆಯೆಂದು ಮುಚ್ಚಳ ತೆಗೆಯುವ ಮೊದಲೇ ಹೇಳಬಲ್ಲೆ. ದೇವರು ಕೊಟ್ಟ ಕಿವಿ ಎಂದು ಗಿರಾಕಿಗಳು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನಾನು ತಲೆ ತಗ್ಗಿಸಿ ಕಳೆದುಹೋಗದ ತಿರುಪನ್ನು ಹುಡುಕುತ್ತೇನೆ.

ಇಪ್ಪತ್ತರ ಹರೆಯದಲ್ಲಿ ನನಗೆ ರಾಕ್ ಸಂಗೀತದ ಹುಚ್ಚು. ಕೂದಲು ಭುಜದ ಕೆಳಗಿಳಿದಿತ್ತು, ಗೆಳೆಯರು ಜಡೆಮುನಿ ಎನ್ನುತ್ತಿದ್ದರು. ಯಾವ ಮೈದಾನದಲ್ಲಿ ಕಾರ್ಯಕ್ರಮವಿದ್ದರೂ ಮಧ್ಯಾಹ್ನಕ್ಕೇ ಹೋಗಿ ಗೇಟಿನ ಮುಂದೆ ಚಪ್ಪಲಿಯ ಮೇಲೆ ಕೂರುತ್ತಿದ್ದೆವು. ಗೇಟು ತೆಗೆದದ್ದೇ ತಡ, ಒಂದೇ ಓಟ. ವೇದಿಕೆಯ ಪಕ್ಕದ ದೊಡ್ಡ ಸ್ಪೀಕರಿನ ಮರದ ಮೈಗೆ ಯಾರ ಅಂಗೈ ಮೊದಲು ತಾಗಿತೋ ಅವನೇ ಅಂದಿನ ದೊರೆ. ಡ್ರಮ್ಮಿನ ಮೊದಲ ಪೆಟ್ಟು ಕಿವಿಗೆ ಬರುತ್ತಿರಲಿಲ್ಲ, ಎದೆಗೂಡಿಗೆ ಬರುತ್ತಿತ್ತು. ಸಾವಿರ ಜನರ ಬೆವರು, ಧೂಳು, ಒಂದೇ ಪಲ್ಲವಿಗೆ ಮೇಲೇಳುವ ಸಾವಿರ ಕೈ. ಈಗ ನಾನು ಎರಡು ಹೊತ್ತು ಕೈಮುಗಿಯುವ ಮನುಷ್ಯ, ಎಷ್ಟೋ ಪುಣ್ಯಸ್ಥಳಗಳ ಮೆಟ್ಟಿಲು ಹತ್ತಿದ್ದೇನೆ. ಆದರೂ ದೇವರ ಮುಂದೆ ಸುಳ್ಳು ನಡೆಯದು. ನಾನೆಂಬುದು ಮೊದಲ ಸಲ ಕರಗಿದ್ದು ಆ ಧೂಳಿನಲ್ಲೇ.

ಅಮ್ಮನಿಗೆ ಇದು ಸೇರುತ್ತಿರಲಿಲ್ಲ. “ಹೊಟ್ಟೆನೋವು ಬಂದೋರನ್ನ ಕಟ್ಟಿಹಾಕಿ ಮೈಕ್ ಕೊಟ್ಟಿದ್ದಾರೆ,” ಎನ್ನುತ್ತಿದ್ದಳು. ಅವಳದೇ ಬೇರೆ ಸಂಗೀತ. ದಿನಾ ಸಂಜೆ ದೇವರ ಮುಂದೆ ಕೂತು ಎರಡು ಹಾಡು ಹೇಳುತ್ತಿದ್ದಳು. ಪಕ್ಕದ ಮನೆಯವರು ಕಿಟಕಿ ತೆರೆದು ಕೇಳುತ್ತಿದ್ದರು. ನಾನು ಆ ಹೊತ್ತಿಗೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ.

ತಂಗಿಗೆ ಆಗ ಹದಿನೈದು. “ಅಣ್ಣ, ನೀನು ಹಾಡೋದು ಕೇಳಿ ಕೇಳಿ ಸಾಕಾಗಿದೆ. ನಿಜವಾದೋರು ಹೇಗೆ ಹಾಡ್ತಾರೆ ಅಂತ ಒಂದ್ಸಲ ತೋರಿಸು,” ಎಂದು ದುಂಬಾಲು ಬಿದ್ದಳು. ಗೆಳತಿಯ ಮನೆಗೆ ಓದಲು ಬಿಟ್ಟುಬರುತ್ತೇನೆಂದು ಅಮ್ಮನಿಗೆ ಸುಳ್ಳು ಹೇಳಿ ಕರೆದೊಯ್ದೆ. ಗೇಟಿನ ಹೊರಗೆ ನಾನೇ ಹತ್ತಿ ಉಂಡೆ ಮಾಡಿ ಅವಳ ಎರಡೂ ಕಿವಿಗೆ ಇಟ್ಟೆ. ಅಷ್ಟು ಬುದ್ಧಿ ನನಗಿತ್ತು. ಇರದಿದ್ದರೆ ಇವತ್ತು ಇಷ್ಟು ನೋಯುತ್ತಿರಲಿಲ್ಲ.

ನಮ್ಮ ಗುಂಪಿನಲ್ಲಿ ಹತ್ತಿ ಇಟ್ಟುಕೊಂಡವನೆಂದರೆ ಹೇಡಿ. ಅವಳನ್ನು ಕಂಡೊಡನೆ ಗೆಳೆಯನೊಬ್ಬ ನಕ್ಕ. “ಏನೋ ಜಡೆಮುನಿ, ಹತ್ತಿ ಇಟ್ಕೊಂಡು ರಾಕ್ ಕೇಳೋದು ಕೊಡೆ ಹಿಡ್ಕೊಂಡು ಸ್ನಾನ ಮಾಡಿದ ಹಾಗೆ.” ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಗಿಟಾರಿನ ಸಣ್ಣ ದನಿಯಲ್ಲಿ ಒಂದು ಹಾಡು ಶುರುವಾಗಿತ್ತು. ತಂಗಿ ನನ್ನ ಎಡಕ್ಕಿದ್ದಳು, ಅವಳ ಎಡಕ್ಕೆ ಒಂದು ಮೊಳದಲ್ಲಿ ಸ್ಪೀಕರು. ನಾನು ಕೈ ಚಾಚಿ ಅವಳ ಎಡಗಿವಿಯ ಹತ್ತಿಯನ್ನು ಕಿತ್ತೆ. “ಈಗ ಕೇಳು,” ಎಂದೆ. ಅವಳು ಕಣ್ಣರಳಿಸಿ ನಕ್ಕಳು. ಆಗ ಡ್ರಮ್ಮು, ಗಿಟಾರು ಎಲ್ಲವೂ ಒಟ್ಟಿಗೆ ಬಂದು ಬಿದ್ದವು. ಅವಳು ಕಿವಿ ಹಿಡಿದುಕೊಂಡು ಕುಸಿದು ಕೂತಳು.

ಮನೆಗೆ ಬರುವಾಗ ಮಳೆಯಲ್ಲಿ ನೆನೆದೆವು. “ಗುಂಯ್ ಅಂತಿದೆ ಅಣ್ಣ,” ಎಂದಳು. “ಎಲ್ರಿಗೂ ಅನ್ನತ್ತೆ, ಬೆಳಿಗ್ಗೆ ಹೋಗತ್ತೆ. ಅಮ್ಮನಿಗೆ ಹೇಳಬೇಡ,” ಎಂದೆ. ಬೆಳಿಗ್ಗೆ ಅವಳಿಗೆ ಜ್ವರ. ನಾಲ್ಕು ದಿನ ಅಮ್ಮ ಕಷಾಯದಲ್ಲೇ ಕಳೆದಳು. ಐದನೆಯ ದಿನ ಡಾಕ್ಟರು ಕಿವಿ ನೋಡಿ, “ಜ್ವರ ಕಿವಿಗೆ ಇಳಿದಿದೆಯಮ್ಮ. ಎರಡು ದಿನ ಮೊದಲೇ ತರಬಾರದಿತ್ತಾ?” ಎಂದರು. ಮೈದಾನದ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ. ತಂಗಿ ಡಾಕ್ಟರ ಮಾತನ್ನು ನಂಬಿದಳು. ನಾನು ಬಾಗಿಲ ಬಳಿ ನಿಂತಿದ್ದೆ.

ಅಂದು ಸಂಜೆ ಅಮ್ಮ ದೇವರ ಮುಂದೆ ಕೂತಳು, ಹಾಡಲಿಲ್ಲ. “ನನ್ನ ಉದಾಸೀನಕ್ಕೆ ಮಗಳ ಕಿವಿ ಹೋಯ್ತು. ಅವಳಿಗೆ ನೆಟ್ಟಗೆ ಕೇಳದ ಹಾಡು ಇನ್ನು ನನ್ನ ಬಾಯಲ್ಲೂ ಬೇಡ,” ಎಂದಳು. ಹಾಡು ಬಿಟ್ಟೇಬಿಟ್ಟಳು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದ ಮಾತು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಕೂತಿರುತ್ತದೆ.

ಕಳೆದ ವಾರ ತಂಗಿ ಕಿವಿಯ ಯಂತ್ರ ಹಾಕಿಸಲು ಹೊರಟಳು. ಹೊಲಿಗೆ ಅಂಗಡಿ ಅವಳದು. ಎಡಕ್ಕೆ ನಿಂತ ಗಿರಾಕಿ ತೋಳು ಉದ್ದ ಇಡಿ ಎಂದದ್ದು ಕೇಳಿಸದೆ ಗಿಡ್ಡ ಹೊಲಿದಿದ್ದಳಂತೆ. ಜೊತೆಗೆ ನಾನು ಹೋದೆ. ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲಿನ ಗೆರೆ ತೋರಿಸಿದಳು.

“ಈ ಹಳ್ಳ ನೋಡಿ ಆಂಟಿ. ಜೋರು ಸದ್ದಿಗೆ ಏಟು ತಿಂದ ಕಿವಿಯಲ್ಲಿ ಹೀಗೆ ಬರೋದು ಹೆಚ್ಚು. ಪಟಾಕಿ, ಯಂತ್ರ, ಏನಾದ್ರೂ?”

“ಇಲ್ಲಮ್ಮ. ಜ್ವರ ಬಂದು ಹೋಗಿದ್ದು.”

ಹುಡುಗಿ ನನ್ನತ್ತ ನೋಡಿದಳು. ಸುಮ್ಮನೆ ನೋಡಿದ್ದಿರಬೇಕು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು.

“ಜ್ವರ ಅಲ್ಲ,” ಎಂದೆ. ಮೈದಾನ, ಸ್ಪೀಕರು, ಹತ್ತಿ, ಎಲ್ಲ ಹೇಳಿದೆ.

ತಂಗಿ ಮೊದಲು ನಕ್ಕಳು. “ಅಯ್ಯೋ, ಅದಾ. ನನ್ನ ಆಯುಸ್ಸಲ್ಲೇ ಅಂಥ ಸಂಜೆ ಇನ್ನೊಂದು ಬರಲಿಲ್ಲ, ಗೊತ್ತಾ?” ನಗು ಅರ್ಧಕ್ಕೆ ನಿಂತಿತು. “ಅಣ್ಣ, ಹಾಗಾದ್ರೆ ಅಮ್ಮ?”

ದಾರಿಯುದ್ದಕ್ಕೂ ಅವಳು ನನ್ನ ಬಲಕ್ಕೆ ನಡೆದಳು. ನಾನು ಎರಡು ಸಲ ಏನೋ ಹೇಳಿದೆ. ಅವಳಿಗೆ ಕೇಳಿಸಲಿಲ್ಲ, ಅಥವಾ ಕೇಳಿಸುವುದು ಬೇಡವಾಗಿತ್ತು. ತನ್ನ ಅಂಗಡಿಯ ಮೆಟ್ಟಿಲ ಬಳಿ ನಿಂತು ಹೇಳಿದಳು.

“ಕಿವಿ ಹೋಗಿದ್ದಕ್ಕೆ ನನಗೆ ಕೋಪ ಇಲ್ಲ. ಆದ್ರೆ ಇದನ್ನ ಅಮ್ಮನಿಗೆ ನಾನು ಹೇಳಲ್ಲ. ನೀನೇ ಹೇಳು. ಇವತ್ತೇ.”

ಅಮ್ಮನಿಗೀಗ ಎಂಬತ್ತೆರಡು. ಅಂಗಡಿಯ ಒಳಕೋಣೆಯಲ್ಲಿ ಕೂತು ಬಟ್ಟೆಗಳ ಕಚ್ಚಾ ಹೊಲಿಗೆ ಬಿಚ್ಚುವುದು ಅವಳ ಕೆಲಸ. ಕಾಲ ಬಳಿ ಕೂತು ಹೇಳಿದೆ. ಅವಳ ಸೂಜಿ ದಾರವನ್ನು ಎತ್ತುತ್ತಲೇ ಇತ್ತು. ಮುಗಿದ ಮೇಲೂ ಒಂದು ತೋಳಿನ ಹೊಲಿಗೆ ಪೂರ್ತಿ ಬಿಚ್ಚಿದಳು.

“ಆಗ ನನಗೆ ನಲವತ್ನಾಲ್ಕು,” ಎಂದಳು. “ಗಂಟಲು ಚೆನ್ನಾಗಿತ್ತು ಕಣೋ.”

ಕ್ಷಮಿಸು ಎನ್ನುವ ಮಾತು ಆ ಗಂಟಲಿನ ಮುಂದೆ ತೀರಾ ಚಿಕ್ಕದಾಗಿ ಕಂಡಿತು.

“ಹತ್ತಿ ಕಿತ್ತಾಗ ಹಾಡ್ತಿದ್ರಲ್ಲ, ಆ ಹಾಡು ಚೆನ್ನಾಗಿತ್ತಾ?”

“ಚೆನ್ನಾಗಿತ್ತಮ್ಮ.”

“ಹೋಗಲಿ. ಅಷ್ಟಾದ್ರೂ ಇತ್ತಲ್ಲ.”

ಅವಳು ಬಟ್ಟೆ ಕೆಳಗಿಟ್ಟು ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಬಾವಿಯ ರಾಟೆ ವರ್ಷಗಳ ಮೇಲೆ ತಿರುಗಿದಂಥ ದನಿ. ಒಂದು ಸಾಲು ಬಂತು, ಇನ್ನೊಂದು ಅರ್ಧ ಬಂತು. ಅಲ್ಲಿಗೆ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಿತು.

“ಮುಂದೇನೋ ಇತ್ತಲ್ಲೋ. ನಿನಗೆ ನೆನಪಿದೆಯಾ?”

ಎರಡೂ ಕಿವಿ ನೆಟ್ಟಗಿರುವ ಮಗ ನಾನು. ಒಂದಕ್ಷರವೂ ತಿಳಿದಿರಲಿಲ್ಲ. ಎಂದೂ ಕೂತು ಕೇಳಿದವನಲ್ಲ.

ಹೊರಗೆ ಹೊಲಿಗೆ ಯಂತ್ರ ನಿಂತಿತು. ತಂಗಿ ಬಂದು, ಸುತ್ತಿ, ಅಮ್ಮನ ಎಡಕ್ಕೆ ಕೂತು ಬಲಗಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು. ಮುಂದಿನ ಸಾಲನ್ನು ಮೆಲ್ಲಗೆ ಹೇಳಿಕೊಟ್ಟಳು. ಅಮ್ಮ ಎತ್ತಿಕೊಂಡಳು. ಶ್ರುತಿ ಇರಲಿಲ್ಲ, ಉಸಿರೂ ಸಾಲುತ್ತಿರಲಿಲ್ಲ. ಹಾಡು ನಡೆಯಿತು.

ನಡುವೆ ಒಮ್ಮೆ ನಿಲ್ಲಿಸಿ ಅಮ್ಮ ನನ್ನನ್ನು ನೋಡಿದಳು. ತೊಡೆಯ ಮೇಲಿನ ಬಟ್ಟೆಯನ್ನು ನನ್ನತ್ತ ತಳ್ಳಿದಳು.

“ಸುಮ್ನೆ ಕೂತ್ಕೋಬೇಡ. ಆ ಇನ್ನೊಂದು ತೋಳು ಬಿಚ್ಚು. ಬಟ್ಟೆ ಹರೀಬಾರದು.”

ನಾನು ಸೂಜಿ ತೆಗೆದುಕೊಂಡೆ.